ಅಮೆರಿಕದಲ್ಲಿ ‘ಬ್ಲ್ಯಾಕ್’ ಎನ್ನುವುದು ಅವಮಾನವೇ?

ನಿಮ್ಮ ಮಗಳು ಉನ್ನತ ವ್ಯಾಸಂಗಕ್ಕಾಗಿ ಅಟ್ಲಾಂಟಾಕ್ಕೆ ಹೊರಟಿದ್ದಾಳೆ. ನಾವು ಶಾಲೆಯಲ್ಲಿ ಓದಿದ ‘ನೀಗ್ರೋ’, ‘ರೆಡ್ ಇಂಡಿಯನ್’ ಎಂಬ ಪದಗಳನ್ನು ಅಲ್ಲಿ ಆಡಬಹುದೇ, ‘ಬ್ಲ್ಯಾಕ್’ ಎಂದರೆ ಜನ ನೊಂದುಕೊಳ್ಳುತ್ತಾರೆಯೇ ಎಂದು ಕೇಳಿದ್ದೀರಿ. ಅಲ್ಲಿನ ಕಪ್ಪು ಜನಾಂಗದವರು ತಮ್ಮ ಹೆಸರನ್ನು ಆಗಾಗ ಬದಲಾಯಿಸಿಕೊಳ್ಳುತ್ತಿದ್ದರೆ ಹೊರಗಿನವರು ಏನು ಮಾಡಬೇಕು ಎಂದೂ ಕೇಳಿದ್ದೀರಿ. ಬಹುಕಾಲದಿಂದ ಅಮೆರಿಕದಲ್ಲಿ ನೆಲೆಸಿ, ಇಲ್ಲಿನ ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿರುವವನಾಗಿ ನನಗೆ ತಿಳಿದದ್ದನ್ನು ಬರೆಯುತ್ತಿದ್ದೇನೆ.

ಮೊದಲು ನೇರ ಉತ್ತರ. ‘ಬ್ಲ್ಯಾಕ್’ ಎಂಬುದು ಇಂದು ಅವಮಾನದ ಪದವಲ್ಲ. ಪತ್ರಿಕೆಗಳು, ವಿಶ್ವವಿದ್ಯಾಲಯಗಳು, ಸರ್ಕಾರಿ ನಮೂನೆಗಳು ಮತ್ತು ಆ ಸಮುದಾಯದವರೇ ಅದನ್ನು ನಿತ್ಯವೂ ಬಳಸುತ್ತಾರೆ. ‘ಆಫ್ರಿಕನ್ ಅಮೆರಿಕನ್’ ಎಂಬುದೂ ಗೌರವದ ಪದವೇ. ‘ನೀಗ್ರೋ’, ‘ಕಲರ್ಡ್’ ಎಂಬ ಎರಡನ್ನೂ ಇಂದಿನ ಯಾವ ವ್ಯಕ್ತಿಯ ಬಗ್ಗೆಯೂ ಆಡಬಾರದು. ಇನ್ನು ‘ನೀಗ್ರೋ’ ಪದದ ಮೂಲದಿಂದಲೇ ಬಂದ, ಗುಲಾಮಗಿರಿಯ ಕಾಲದಿಂದ ಬೈಗುಳವಾಗಿ ಉಳಿದ ಮತ್ತೊಂದು ಪದವಿದೆ. ಅದನ್ನು ಇಲ್ಲಿನವರು ‘ಎನ್-ವರ್ಡ್’ ಎಂದಷ್ಟೇ ಸೂಚಿಸುತ್ತಾರೆ. ಹಾಡಿನ ಸಾಲಿನಲ್ಲಿ ಬಂದರೂ, ಬೇರೆಯವರು ಆಡಿದ್ದನ್ನು ಹೇಳುವ ಸಂದರ್ಭ ಬಂದರೂ ನಿಮ್ಮ ಮಗಳು ಅದನ್ನು ಉಚ್ಚರಿಸದಿರಲಿ. ಆ ಸಮುದಾಯದ ಯುವಕರು ತಮ್ಮತಮ್ಮಲ್ಲಿ ಸಲುಗೆಯಿಂದ ಅದನ್ನು ಆಡಿಕೊಳ್ಳುವುದು ಅವಳ ಕಿವಿಗೆ ಬಿದ್ದೇ ಬೀಳುತ್ತದೆ, ಆದರೆ ಆ ಸಲುಗೆ ಹೊರಗಿನವರಿಗಿಲ್ಲ.

ಹೆಸರುಗಳು ಬದಲಾದದ್ದು ಮನಸ್ಸಿಗೆ ಬಂದಂತೆ ಅಲ್ಲ. ‘ನೀಗ್ರೋ’ ಎಂಬುದು ಒಂದು ಕಾಲಕ್ಕೆ ಆ ಸಮುದಾಯದ ನಾಯಕರೇ ಹೋರಾಡಿ ಗೌರವ ತಂದುಕೊಟ್ಟ ಪದ. ಆ ಪದದ ಮೊದಲ ಇಂಗ್ಲಿಷ್ ಅಕ್ಷರವನ್ನು ದೊಡ್ಡದಾಗಿ ಬರೆಯಬೇಕೆಂದು ಆ ಸಮುದಾಯದ ವಿದ್ವಾಂಸ ಡಬ್ಲ್ಯೂ. ಇ. ಬಿ. ಡು ಬೋಯಿಸ್ ಮೊದಲಾದವರು ವರ್ಷಗಟ್ಟಲೆ ಒತ್ತಾಯಿಸಿದರು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅದನ್ನು ಒಪ್ಪಿಕೊಂಡದ್ದು 1930ರಲ್ಲಿ. ಮಾರ್ಟಿನ್ ಲೂಥರ್ ಕಿಂಗ್ 1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನಲ್ಲಿ ಮಾಡಿದ ಭಾಷಣದಲ್ಲಿ ಆ ಪದವನ್ನು ಮತ್ತೆ ಮತ್ತೆ ಬಳಸಿದ್ದಾರೆ. ಆದರೆ ಅದೇ ದಶಕದಲ್ಲಿ ಮಾಲ್ಕಂ ಎಕ್ಸ್ ಅವರಂಥ ಕಪ್ಪು ಜನಾಂಗದ ನಾಯಕರು, ಈ ಹೆಸರನ್ನು ನಮಗೆ ಇಟ್ಟವರು ನಮ್ಮನ್ನು ಗುಲಾಮರನ್ನಾಗಿ ಮಾಡಿಕೊಂಡವರು ಎಂದು ಅದನ್ನು ತಿರಸ್ಕರಿಸಿದರು. 1966ರಲ್ಲಿ ಮಿಸಿಸಿಪ್ಪಿಯ ಗ್ರೀನ್‌ವುಡ್‌ನಲ್ಲಿ ಯುವ ಹೋರಾಟಗಾರ ಸ್ಟೋಕ್ಲಿ ಕಾರ್ಮೈಕಲ್ ‘ಬ್ಲ್ಯಾಕ್ ಪವರ್’ ಎಂಬ ಘೋಷಣೆಯನ್ನು ಎತ್ತಿದ ಮೇಲೆ, ಅಲ್ಲಿಯವರೆಗೆ ಹೀನಾಯದ ಧ್ವನಿಯಿದ್ದ ‘ಬ್ಲ್ಯಾಕ್’ ಸ್ವಾಭಿಮಾನದ ಪದವಾಯಿತು. 1988ರ ಕೊನೆಯಲ್ಲಿ ನಾಗರಿಕ ಹಕ್ಕುಗಳ ನಾಯಕ ಜೆಸ್ಸಿ ಜಾಕ್ಸನ್ ಮತ್ತಿತರರು, ಇತರ ವಲಸಿಗರ ಹೆಸರಿನಲ್ಲಿ ಅವರ ಮೂಲನೆಲ ಕಾಣುವಂತೆ ನಮ್ಮ ಹೆಸರಿನಲ್ಲೂ ಕಾಣಬೇಕು ಎಂದು ‘ಆಫ್ರಿಕನ್ ಅಮೆರಿಕನ್’ ಎಂಬುದನ್ನು ಮುಂದಿಟ್ಟರು. 2020ರ ಜೂನ್‌ನಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ‘ಬ್ಲ್ಯಾಕ್’ ಪದದ ಮೊದಲ ಅಕ್ಷರವನ್ನೂ ದೊಡ್ಡದಾಗಿ ಬರೆಯಲು ತೀರ್ಮಾನಿಸಿತು.

ಹಳೆಯ ಪದಗಳು ಎಲ್ಲ ಕಡೆಯಿಂದಲೂ ಅಳಿದಿಲ್ಲವಾದ್ದರಿಂದ ಹೊಸಬರಿಗೆ ಗೊಂದಲವಾಗುವುದು ಸಹಜ. 1909ರಲ್ಲಿ ಹುಟ್ಟಿದ, ನಾಗರಿಕ ಹಕ್ಕುಗಳಿಗಾಗಿ ಶತಮಾನಕ್ಕೂ ಮೀರಿ ದುಡಿದ ಎನ್‌ಎಎಸಿಪಿ ಸಂಸ್ಥೆಯ ಪೂರ್ಣ ಹೆಸರಿನಲ್ಲಿ ‘ಕಲರ್ಡ್ ಪೀಪಲ್’ ಎಂಬುದು ಇಂದಿಗೂ ಇದೆ. 2010ರ ಜನಗಣತಿಯ ನಮೂನೆಯಲ್ಲಿಯೂ ‘ಬ್ಲ್ಯಾಕ್’, ‘ಆಫ್ರಿಕನ್ ಅಮೆರಿಕನ್’ ಎಂಬುವುಗಳ ಜೊತೆಗೆ ‘ನೀಗ್ರೋ’ ಇತ್ತು. ಜನಗಣತಿ ಇಲಾಖೆ ಅದನ್ನು ಕೈಬಿಡುವುದಾಗಿ ಹೇಳಿದ್ದು 2013ರಲ್ಲಿ. ಒಂದು ಸಂಸ್ಥೆ ತನ್ನ ಚರಿತ್ರೆಯ ಗುರುತಾಗಿ ಹಳೆಯ ಹೆಸರನ್ನು ಉಳಿಸಿಕೊಂಡಿದೆ ಎಂದ ಮಾತ್ರಕ್ಕೆ ನಮಗೂ ಅದನ್ನು ಆಡುವ ಹಕ್ಕು ಬರುವುದಿಲ್ಲ. ಇಲ್ಲೇ ಇನ್ನೊಂದು ಮಾತು: ‘ಪೀಪಲ್ ಆಫ್ ಕಲರ್’ ಎಂಬುದು ಇಂದು ಬಳಕೆಯಲ್ಲಿರುವ ಸಭ್ಯ ಪದ, ‘ಕಲರ್ಡ್’ ಅಲ್ಲ. ಹಿಂದೆ ಕಪ್ಪು ಜನರಿಗೆಂದು ಇಟ್ಟಿದ್ದ ಪ್ರತ್ಯೇಕ ನಲ್ಲಿ, ಪ್ರತ್ಯೇಕ ಕಾಯುವ ಕೋಣೆ, ಪ್ರತ್ಯೇಕ ಶೌಚಾಲಯಗಳ ಮೇಲೆ ದಕ್ಷಿಣದ ರಾಜ್ಯಗಳಲ್ಲಿ ಬರೆಯುತ್ತಿದ್ದದ್ದು ‘ಕಲರ್ಡ್’ ಎಂದೇ; ಅಟ್ಲಾಂಟಾದಲ್ಲಿ ಆ ಫಲಕಗಳನ್ನು ಕಣ್ಣಾರೆ ಕಂಡ ಹಿರಿಯರು ಇನ್ನೂ ಇದ್ದಾರೆ.

ಸರಿಯಾದ ಪದವನ್ನು ಆರಿಸಿಕೊಂಡರೂ ಅದನ್ನು ವಾಕ್ಯದಲ್ಲಿ ಇಡುವ ರೀತಿಯಿಂದ ಮಾತು ಕೆಡಬಹುದು. ‘ಎ ಬ್ಲ್ಯಾಕ್’, ‘ದ ಬ್ಲ್ಯಾಕ್ಸ್’ ಎಂದು ಬಣ್ಣವನ್ನೇ ವ್ಯಕ್ತಿಯನ್ನಾಗಿ ಮಾಡಿ ಹೇಳುವುದು ಒರಟಾಗಿ ಕೇಳಿಸುತ್ತದೆ. ‘ಬ್ಲ್ಯಾಕ್ ಪೀಪಲ್’, ‘ಬ್ಲ್ಯಾಕ್ ಸ್ಟೂಡೆಂಟ್ಸ್’ ಎಂದರೆ ಯಾರೂ ಆಕ್ಷೇಪಿಸುವುದಿಲ್ಲ.

ನೀವು ಕೇಳದಿದ್ದರೂ ನಾನು ಒತ್ತಿ ಹೇಳಬೇಕಾದ ವಿಷಯವೊಂದಿದೆ. ಇಲ್ಲಿ ನೆಲೆಸಿರುವ ನಮ್ಮವರಲ್ಲಿ ಅನೇಕರು ಇಂಗ್ಲಿಷಿನಲ್ಲಿ ಬಹಳ ಎಚ್ಚರದಿಂದ ಮಾತನಾಡಿ, ಕನ್ನಡಕ್ಕೆ ಹೊರಳಿದ ಕೂಡಲೇ ‘ಆ ಕರಿಯ’, ‘ಕರಿಯರ ಏರಿಯಾ’ ಎನ್ನುತ್ತಾರೆ. ಹಿಂದಿ ಬಲ್ಲವರು ಅದೇ ಅರ್ಥದಲ್ಲಿ ‘ಕಾಲಿಯಾ’, ‘ಕಲ್ಲು’ ಎನ್ನುತ್ತಾರೆ. ಕನ್ನಡದಲ್ಲಿ ಕಪ್ಪು ಬಣ್ಣ ತಾನಾಗಿ ಹೀನಾಯವಲ್ಲ. ಕರಿಯಪ್ಪ, ಕರಿಯಮ್ಮ ಎಂದು ಮಕ್ಕಳಿಗೆ ಹೆಸರಿಟ್ಟು ಪ್ರೀತಿಯಿಂದ ಕರೆದ ನಾಡು ನಮ್ಮದು. ಆದರೆ ಗುರುತಿಲ್ಲದ ಮನುಷ್ಯನೊಬ್ಬನನ್ನು ಏಕವಚನದಲ್ಲಿ, ಅವನ ಬಣ್ಣದಿಂದ ಮಾತ್ರ ಗುರುತಿಸಿ, ಅವನಿಗೆ ಅರ್ಥವಾಗದೆಂಬ ಧೈರ್ಯದಿಂದ ಆಡುವ ಮಾತಿನಲ್ಲಿ ಆ ಪ್ರೀತಿ ಇರುವುದಿಲ್ಲ. ಭಾಷೆ ತಿಳಿಯದಿದ್ದರೂ ಧ್ವನಿ ಮತ್ತು ನೋಟ ಎದುರಿನವರಿಗೆ ತಿಳಿಯುತ್ತವೆ. ಅದಕ್ಕಿಂತ ಮುಖ್ಯವಾಗಿ, ಮನೆಯಲ್ಲಿ ಇದನ್ನೇ ಕೇಳಿಕೊಂಡು ಬೆಳೆಯುವ ಮಕ್ಕಳು ತಮ್ಮ ಸಹಪಾಠಿಗಳನ್ನು ಅದೇ ಕಣ್ಣಿನಿಂದ ನೋಡಲು ಕಲಿಯುತ್ತಾರೆ. ಇದು ನನಗೆ ಬಹಳ ನೋವು ಕೊಡುವ ಸಂಗತಿ. ಕನ್ನಡದಲ್ಲಿ ಹೇಳಬೇಕಾದಾಗ ‘ಕಪ್ಪು ಜನಾಂಗದವರು’ ಅಥವಾ ‘ಆಫ್ರಿಕನ್ ಅಮೆರಿಕನ್ನರು’ ಎಂದು ಬಹುವಚನದಲ್ಲಿ ಹೇಳಬಹುದು. ಒಬ್ಬ ವ್ಯಕ್ತಿಯ ಬಗ್ಗೆಯಾದರೆ ಹೆಚ್ಚಿನ ವೇಳೆ ಬಣ್ಣವನ್ನು ಹೇಳುವ ಅಗತ್ಯವೇ ಬೀಳುವುದಿಲ್ಲ.

‘ರೆಡ್ ಇಂಡಿಯನ್’ ಎಂಬುದನ್ನು ಪೂರ್ತಿ ಬಿಟ್ಟುಬಿಡಲಿ. ಚರ್ಮದ ಬಣ್ಣ ಹಿಡಿದು ಅಮೆರಿಕದ ಆ ಮೂಲನಿವಾಸಿಗಳನ್ನು ಕರೆಯುತ್ತಿದ್ದ ಹೆಸರನ್ನು ಇಟ್ಟುಕೊಂಡಿದ್ದ ವಾಷಿಂಗ್ಟನ್ನಿನ ಫುಟ್‌ಬಾಲ್ ತಂಡ ಕೂಡ 2020ರಲ್ಲಿ ಅದನ್ನು ಕೈಬಿಟ್ಟಿತು. ‘ನೇಟಿವ್ ಅಮೆರಿಕನ್’ ಎನ್ನಬಹುದು. ‘ಅಮೆರಿಕನ್ ಇಂಡಿಯನ್’ ಎಂದು ತಮ್ಮನ್ನು ಕರೆದುಕೊಳ್ಳುವವರೂ ಅವರಲ್ಲಿ ಬಹಳ ಮಂದಿ ಇದ್ದಾರೆ. 1968ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಅವರೇ ಕಟ್ಟಿದ ಹೋರಾಟದ ಸಂಘಟನೆಯ ಹೆಸರಿನಲ್ಲಿಯೂ ಅದೇ ಇದೆ. ಎಲ್ಲಕ್ಕಿಂತ ಒಳ್ಳೆಯದು, ನವಾಹೋ, ಚೆರೋಕಿ, ಲಕೋಟಾ ಎಂದು ಅವರವರ ಜನಾಂಗದ ಹೆಸರನ್ನೇ ಹೇಳುವುದು. ಪೂರ್ವ ಏಷ್ಯಾದವರನ್ನು ‘ಓರಿಯೆಂಟಲ್’ ಎನ್ನಬಾರದು. ಆ ಪದವನ್ನೂ ‘ನೀಗ್ರೋ’ ಪದವನ್ನೂ ಉಳಿದಿದ್ದ ಹಳೆಯ ಫೆಡರಲ್ ಕಾನೂನುಗಳಿಂದ ತೆಗೆಯುವ ಮಸೂದೆಗೆ ಅಧ್ಯಕ್ಷ ಒಬಾಮ 2016ರ ಮೇ ತಿಂಗಳಲ್ಲಿ ಸಹಿ ಹಾಕಿದರು.

ಇಷ್ಟೊಂದು ಸೂಕ್ಷ್ಮತೆ ಬೇಕೇ ಎಂದು ಯಾರಾದರೂ ಕೇಳಿದರೆ ನಮ್ಮದೇ ಚರಿತ್ರೆಯನ್ನು ಅವರಿಗೆ ತಿಳಿಸಿ. 1920, 1930 ಮತ್ತು 1940ರ ಅಮೆರಿಕದ ಜನಗಣತಿಗಳಲ್ಲಿ ಭಾರತದಿಂದ ಬಂದವರನ್ನು, ಅವರು ಸಿಖ್ಖರಾಗಲಿ ಮುಸ್ಲಿಮರಾಗಲಿ, ‘ಹಿಂದೂ’ ಎಂಬ ಜನಾಂಗವೆಂದು ದಾಖಲಿಸಲಾಯಿತು. ಸಿಖ್ಖರಾಗಿದ್ದ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 1923ರಲ್ಲಿ ಅವರನ್ನೂ ‘ಹಿಂದೂ’ ಎಂದೇ ಕರೆದು, ಬಿಳಿಯರಲ್ಲವಾದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು ತೀರ್ಪು ಕೊಟ್ಟಿತು. 1970ರ ಜನಗಣತಿಯಲ್ಲಿ ನಮ್ಮವರನ್ನು ಬಿಳಿಯರ ಸಾಲಿಗೆ ಸೇರಿಸಿದರು. ಅನಿವಾಸಿ ಭಾರತೀಯರ ಸಂಘಟನೆಗಳು ಮನವಿಗಳನ್ನು ಸಲ್ಲಿಸಿ ಒತ್ತಾಯಿಸಿದ ಮೇಲೆ 1980ರಲ್ಲಿ ‘ಏಷ್ಯನ್ ಇಂಡಿಯನ್’ ಎಂಬ ಕಲಮು ಬಂತು. ನಮ್ಮನ್ನು ಏನೆಂದು ಬರೆಯಬೇಕೆಂದು ಕೇಳುವ ಹಕ್ಕನ್ನು ನಾವೂ ಚಲಾಯಿಸಿದ್ದೇವೆ, ಅದಕ್ಕಾಗಿ ಯಾರ ಕ್ಷಮೆಯನ್ನೂ ಕೇಳಿಲ್ಲ.

ಕೊನೆಯದಾಗಿ, ನಿಮ್ಮ ಮಗಳು ಅಟ್ಲಾಂಟಾದಲ್ಲಿ ಭೇಟಿಯಾಗುವ ಕಪ್ಪು ಜನಾಂಗದವರೆಲ್ಲರೂ ‘ಆಫ್ರಿಕನ್ ಅಮೆರಿಕನ್’ ಆಗಿರುವುದಿಲ್ಲ. ಅವರಲ್ಲಿ ನೈಜೀರಿಯಾ, ಇಥಿಯೋಪಿಯ, ಜಮೈಕಗಳಿಂದ ಬಂದವರಿರುತ್ತಾರೆ, ಅವರ ಮಕ್ಕಳಿರುತ್ತಾರೆ. ಕೆಲವರು ಆ ಹೆಸರನ್ನು ಒಪ್ಪುತ್ತಾರೆ, ಕೆಲವರು ತಮ್ಮ ದೇಶದ ಹೆಸರನ್ನೇ ಹೇಳಿಕೊಳ್ಳುತ್ತಾರೆ. ಊಹಿಸಿ ಮಾತನಾಡುವುದಕ್ಕಿಂತ, ಅವರು ತಮ್ಮ ಬಗ್ಗೆ ಏನು ಹೇಳಿಕೊಳ್ಳುತ್ತಾರೆಂದು ಕೇಳಿಸಿಕೊಂಡು ಅದನ್ನೇ ಬಳಸಲಿ. ಅವಳು ಹೊರಡುವ ಮೊದಲು ಇಲ್ಲಿನ ಬೇರೆ ವಿಷಯಗಳ ಬಗ್ಗೆ ತಿಳಿಯಬೇಕಾದದ್ದಿದ್ದರೆ ದಯವಿಟ್ಟು ಕೇಳಿ, ಗೊತ್ತಿರುವಷ್ಟನ್ನು ಬರೆಯುತ್ತೇನೆ.