ಪಟ್ಟಿ ಕೊಡುವುದಿಲ್ಲ, ಬೇಜಾರಾಗಬೇಡಿ

ಪತ್ರ: "ಕಳೆದ ಸಂಚಿಕೆಯಲ್ಲಿ ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚಿನ ಫೋಟೋ ನೋಡಿ ಆಶ್ಚರ್ಯವಾಯಿತು. 30 ವರ್ಷ ಆ ರಸ್ತೆಯಲ್ಲಿ ಓಡಾಡಿದ್ದೇನೆ, ಒಂದು ದಿನವೂ ಕಣ್ಣಿಗೆ ಬಿದ್ದಿರಲಿಲ್ಲ. ಬೆಂಗಳೂರಿನ ಗಲಾಟೆಯ ನಡುವೆ ಇಂಥ ಹಳೇ ಚರ್ಚುಗಳು, ತಣ್ಣನೆಯ ಮೂಲೆಗಳು ಇನ್ನೂ ಎಷ್ಟಿವೆಯೋ! 10 ಜಾಗಗಳ ಪಟ್ಟಿ ಮಾಡಿ, ನಕ್ಷೆ, ಸಮಯ, ಪಾರ್ಕಿಂಗ್ ವಿವರದ ಸಮೇತ ಪ್ರಕಟಿಸಿ. ಜನ ಬರಲಿ, ಒಳ್ಳೆಯ ಪ್ರವಾಸಿ ತಾಣಗಳಾಗಲಿ." – ರಾಜಾಜಿನಗರದ ಓದುಗರೊಬ್ಬರು

ಉತ್ತರ:

ಮಾನ್ಯರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಖುಷಿಯಾಯಿತು. ಎರಡನೇ ಸಲ 'ಪಾರ್ಕಿಂಗ್' ಅನ್ನುವ ಪದದ ಹತ್ತಿರ ಕಣ್ಣು ನಿಂತುಬಿಟ್ಟಿತು.

ನಿಮ್ಮ ಮಾತಿನಲ್ಲಿ ನ್ಯಾಯವಿದೆ, ಇಲ್ಲ ಅನ್ನುವುದಿಲ್ಲ. ಗೊತ್ತಿಲ್ಲದ ಜಾಗವನ್ನು ಯಾರೂ ಉಳಿಸಿಕೊಳ್ಳುವುದಿಲ್ಲ. ರಿಚ್ಮಂಡ್ ಟೌನ್ ಬಳಿಯ ಆಲ್ ಸೇಂಟ್ಸ್ ಚರ್ಚು 1870ರದ್ದು. ಮೆಟ್ರೋ ಕೆಲಸಕ್ಕೆ ಅದರ ಜಾಗ ಕೇಳಿದಾಗ ಅಲ್ಲಿನ ಹಳೇ ಮರಗಳಿಗಾಗಿ ಜನ ದನಿ ಎತ್ತಿದರು. ಆ ಮರಗಳನ್ನು ಕಂಡಿದ್ದರು, ಅದಕ್ಕೆ ಎತ್ತಿದರು. ಮಂಡಿ ನೋವಿರುವವರು ಗಲ್ಲಿ ಗಲ್ಲಿ ಹುಡುಕಿಕೊಂಡು ಅಲೆಯಲಾರರು ಅನ್ನುವುದೂ ನಿಜ. ಒಪ್ಪಿದೆ. ಇನ್ನು ನನ್ನ ಸರದಿ.

ಅಲ್ಲ ಸ್ವಾಮಿ, 30 ವರ್ಷ! ಅವೆನ್ಯೂ ರಸ್ತೆ ಏನು ಅಷ್ಟು ಅಗಲವೇ? ಹಿಂದೆ ಅದರ ಹೆಸರು ದೊಡ್ಡಪೇಟೆ. ಆದರೂ ಇತ್ತ ಕಡೆ ನಿಂತು ಕೈ ಚಾಚಿದರೆ ಅತ್ತ ಕಡೆಯ ಅಂಗಡಿಯವನು ಪುಸ್ತಕ ಕೊಡಬಹುದು, ಅಷ್ಟೇ ಅಗಲ. ಅಲ್ಲಿ ಕಂಬಗಳು, ಮೇಲೆ ತ್ರಿಕೋನದ ಮುಖ ಇರುವ ಒಂದು ಇಡೀ ಕಟ್ಟಡ ನಿಮ್ಮ ಕಣ್ಣು ತಪ್ಪಿಸಿಕೊಂಡಿತು. ತಪ್ಪು ನಿಮ್ಮೊಬ್ಬರದಲ್ಲ. ಆ ರಸ್ತೆಯಲ್ಲಿ ನಾವೆಲ್ಲ ನೋಡುವುದು ಎರಡೇ: ಪುಸ್ತಕದ ರೇಟು, ಕಾಲಿನ ಬುಡದ ಹೊಂಡ. ತಲೆ ಎತ್ತಿದರೆ ಹಿಂದಿನಿಂದ ತಳ್ಳುಗಾಡಿ ಬಂದು ಕಾಲಿಗೆ ಬಡಿಯುತ್ತದೆ.

ಆ ಚರ್ಚು ಯಾರ ಹೆಸರಿನದು ಅಂತ ನೀವು ಕೇಳಲಿಲ್ಲ. ಪಾರ್ಕಿಂಗ್ ಕೇಳಿದಿರಿ. ಇರಲಿ, ನಾನೇ ಹೇಳುತ್ತೇನೆ. ಲಂಡನ್ ಮಿಷನ್ನಿನ ಪಾದ್ರಿ ಬೆಂಜಮಿನ್ ಹೋಲ್ಟ್ ರೈಸ್ 1837ರಲ್ಲಿ ಬೆಂಗಳೂರಿಗೆ ಬಂದರು. ಕನ್ನಡ ಕಲಿತರು. ಬರೀ ಕಲಿಯಲಿಲ್ಲ, ಪಂಡಿತರೇ ಆದರು. ದಂಡಿನ (ಅಂದರೆ ಕಂಟೋನ್ಮೆಂಟಿನ) ಬಂಗಲೆಗಳ ಕಡೆ ಇರದೆ ಪೇಟೆಯ ಒಳಗೆ ಬಂದು ಕನ್ನಡ ಶಾಲೆ ನಡೆಸಿದರು, ಕನ್ನಡದ ಪ್ರಾರ್ಥನಾ ಮಂದಿರ ಕಟ್ಟಿಸಿದರು. ಅದನ್ನು ಮುಂದಿನವರು 1913ರಲ್ಲಿ ಕೆಡವಿ, ಅದೇ ಜಾಗದಲ್ಲಿ ಈಗಿನ ಕಟ್ಟಡ ಎಬ್ಬಿಸಿದರು. 1917ರಲ್ಲಿ ಅದರ ಪ್ರತಿಷ್ಠೆಯಾಯಿತು, ಅದೂ ಕನ್ನಡದ ಆರಾಧನೆಯೊಂದಿಗೆ. ಬೆಂಜಮಿನ್ ರೈಸ್ ಬಂದ ವರ್ಷವೇ ಹುಟ್ಟಿದ ಮಗ ಬಿ.ಎಲ್. ರೈಸ್. ಹೌದು, ಊರೂರು ಸುತ್ತಿ ಸುಮಾರು 9 ಸಾವಿರ ಶಾಸನ ಓದಿಸಿ ಅಚ್ಚು ಹಾಕಿಸಿದರಲ್ಲ, ಅವರೇ. ಇನ್ನೊಬ್ಬ ಮಗ ಇ.ಪಿ. ರೈಸ್ ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದರು. ನಮ್ಮ ಪೇಟೆಯ ಮಣ್ಣಿನಲ್ಲಿ ಆಡಿ ಬೆಳೆದ ಮಕ್ಕಳು. ಚರ್ಚು ಅಂದರೆ ದಂಡಿನವರದು, ಇಂಗ್ಲಿಷಿನವರದು ಅಂತ ಪಕ್ಕಕ್ಕಿಡುವ ಅಭ್ಯಾಸ ನಮಗೆ ಹೇಗೋ ಅಂಟಿಕೊಂಡಿದೆ.

ಆ ಚರ್ಚಿನ ಋಣ ನನ್ನ ಮೇಲೂ ಇದೆ. ಈ ಊರಿಗೆ ಬಂದ ಹೊಸದರಲ್ಲಿ ಬಳೇಪೇಟೆಯ ಕಡೆ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದೆ. ಅಚ್ಚಿನ ಮೊಳೆ ಜೋಡಿಸುವ ಕಾಲ. ಟ್ರೆಡಲ್ ಮೆಷಿನ್ನಿನ ಸದ್ದು ಬೆಳಗ್ಗೆಯಿಂದ ಕಿವಿಯೊಳಗೇ ಕೂತಿರುತ್ತಿತ್ತು. ಮಧ್ಯಾಹ್ನ ಒಂದು ಗಂಟೆ ಬಿಡುವು. ಬುತ್ತಿ ತಿಂದ ಮೇಲೆ ಇನ್ನೂ ಅರ್ಧ ಗಂಟೆ ಉಳಿಯುತ್ತಿತ್ತು. ಎಲ್ಲಿ ಕೂರುವುದು? ಹೋಟೆಲಿನಲ್ಲಿ ಕೂತರೆ ಕಾಫಿ ತಗೋಬೇಕು, ದುಡ್ಡಿಲ್ಲ. ಜಗಲಿ ಮೇಲೆ ಕೂತರೆ ಅಂಗಡಿಯವರು ಬೈಯುತ್ತಾರೆ. ಒಂದು ದಿನ ಮಳೆ ಬಂತು ಅಂತ ಚರ್ಚಿನ ಮುಂದೆ ನಿಂತೆ. ಅದನ್ನು ನೋಡಿಕೊಳ್ಳುತ್ತಿದ್ದ ಅಜ್ಜ ಬಂದು, "ಒಳಗೆ ಕೂತ್ಕೊಳ್ಳಿ, ಚಪ್ಪಲಿ ಮಾತ್ರ ಒರೆಸಿಕೊಳ್ಳಿ" ಅಂದರು. ನೀವು ಯಾರು, ಯಾವ ಜನ, ಏನು ಕೆಲಸ ಅಂತ ಒಂದು ಮಾತೂ ಕೇಳಲಿಲ್ಲ. ಬಾಡಿಗೆ ಮನೆ ಹುಡುಕಿದ್ದವನಿಗೆ ಅದು ಎಂಥ ಸಮಾಧಾನ ಅಂತ ಗೊತ್ತಾಗುತ್ತದೆ. ಆಮೇಲೆ ವಾರಕ್ಕೆ ಎರಡು ದಿನವಾದರೂ ಅಲ್ಲಿ ಕೂರುತ್ತಿದ್ದೆ. ನಾನು ಪ್ರಾರ್ಥನೆ ಮಾಡಲಿಲ್ಲ. ಅವರೂ ಮಾಡು ಅನ್ನಲಿಲ್ಲ. ಒಂದೆರಡು ಸಲ ನಿದ್ದೆ ಹೋಗಿದ್ದೇನೆ.

ಹಳೇ ಚರ್ಚಿನೊಳಗಿನ ತಂಪಿಗೂ ಮೌನಕ್ಕೂ ಕಾರಣ ಇದೆ. ಗೋಡೆ ದಪ್ಪ. ಬಿಸಿಲು ಅದನ್ನು ಕಾಯಿಸಿ ಮುಗಿಸುವಷ್ಟರಲ್ಲಿ ಸಂಜೆಯಾಗಿರುತ್ತದೆ. ಚಾವಣಿ ಎತ್ತರ, ಬಿಸಿ ಗಾಳಿ ಮೇಲಕ್ಕೆ ಹೋಗುತ್ತದೆ, ಕೂತವರಿಗೆ ತಣ್ಣಗೆ. ನೀವು ಒಳಗೆ ಹೋದಾಗ ಹಾರನ್ ಪೂರ್ತಿ ನಿಲ್ಲುವುದಿಲ್ಲ, ಪಕ್ಕದ ಊರಿನದೇನೋ ಅನ್ನುವಷ್ಟು ದೂರ ಸರಿಯುತ್ತದೆ. ಇದನ್ನು ಪರೀಕ್ಷೆ ಮಾಡಬೇಕಿದ್ದರೆ ಹಡ್ಸನ್ ಸರ್ಕಲ್ಲಿನ ಕಲ್ಲಿನ ಚರ್ಚು ಸಾಕು. 1904ರದ್ದು, ಕನ್ನಡ ಶಾಲೆಗಳಿಗಾಗಿ ದುಡಿದ ಜೋಸಯ್ಯ ಹಡ್ಸನ್ ಹೆಸರಿನದು, ಇವತ್ತಿಗೂ ಅಲ್ಲಿ ಆರಾಧನೆಗೆ ಸೇರುವುದು ಕನ್ನಡ ಸಭೆಯೇ. ಎದುರಿಗೆ ಪಾಲಿಕೆ ಕಚೇರಿ. ಇಡೀ ಊರಿನ ಬಸ್ಸೆಲ್ಲ ಅಲ್ಲೇ ತಿರುಗುತ್ತದೆಯೇನೋ ಅನ್ನಿಸುತ್ತದೆ. ಸರ್ಕಲ್ಲಿನ ಹೆಸರು ದಿನಕ್ಕೆ ನೂರು ಸಲ ಕಂಡಕ್ಟರ್ ಬಾಯಲ್ಲಿ ಬರುತ್ತದೆ, ಹಡ್ಸನ್ ಯಾರು ಅಂತ ಕೇಳಿದರೆ ಬಸ್ಸಿನಲ್ಲಿ ಒಬ್ಬರಿಗೂ ಗೊತ್ತಿರುವುದಿಲ್ಲ.

ಟ್ರಿನಿಟಿಯದೂ ಅದೇ ಕತೆ. ಮೆಟ್ರೋ ನಿಲ್ದಾಣಕ್ಕೆ ಆ ಹೆಸರು ಬಂದದ್ದು ಎಂ.ಜಿ. ರಸ್ತೆಯ ಪೂರ್ವದ ತುದಿಯಲ್ಲಿರುವ ಹೋಲಿ ಟ್ರಿನಿಟಿ ಚರ್ಚಿನಿಂದ. 1851ರಲ್ಲಿ ಸೈನ್ಯದವರಿಗೆ ಅಂತ ಕಟ್ಟಿದ್ದು. ಗೋಡೆ ತುಂಬ ಸತ್ತವರ ನೆನಪಿನ ಅಮೃತಶಿಲೆ ಫಲಕಗಳು. ಅಲ್ಲಿ ಜನರಲ್ ಕ್ಲೆಮೆಂಟ್ ಹಿಲ್ ಎಂಬುವರ ಸ್ಮಾರಕವಿದೆ. ಆತ 1845ರಲ್ಲಿ ಗೇರುಸೊಪ್ಪೆ ಜಲಪಾತದ ಕಡೆ ಶಿಕಾರಿಗೆ ಹೋಗಿ ಸತ್ತವರು. ಹೊನ್ನಾವರದಲ್ಲಿ ಅವರ ಹೆಸರಿನ ಎತ್ತರದ ಕಂಬವಿದೆ, ಹೆದ್ದಾರಿಯಲ್ಲಿ ಹೋದವರು ನೋಡಿಯೇ ಇರುತ್ತೀರಿ. ಕರಾವಳಿಯ ಕಂಬಕ್ಕೂ ಎಂ.ಜಿ. ರಸ್ತೆಯ ಕಲ್ಲಿಗೂ ನಂಟು ಹೊಂದಿಸಿಕೊಂಡ ದಿನ ನನಗೆ ಎಷ್ಟು ಹಿಗ್ಗಾಯಿತು ಅಂದರೆ, ಮನೆಗೆ ಬಂದು ಹೆಂಡತಿಗೆ ಹೇಳಿದೆ. "ಮೊಸರು ತಂದಿರಾ?" ಅಂದಳು.

ಇಷ್ಟೆಲ್ಲ ಹೇಳಿ ಪಟ್ಟಿ ಕೊಡುವುದಿಲ್ಲ ಅಂದರೆ ಮೋಸ ಅಲ್ವಾ ಅಂತೀರಿ. ಮೂರು ಹೆಸರು ಬಾಯಿತಪ್ಪಿ ಬಂದವು, ಸಾಕು. ಯಾಕೆ ಅಂದರೆ, ಒಂದು ಸಲ ಕೊಟ್ಟು ಕೈ ಸುಟ್ಟುಕೊಂಡಿದ್ದೇನೆ. ಕೆಲವು ವರ್ಷಗಳ ಹಿಂದೆ ಇದೇ ಪತ್ರಿಕೆಯಲ್ಲಿ ಒಂದು ಹಳೇ ಬಡಾವಣೆಯ ಪುಟ್ಟ ಕಲ್ಯಾಣಿಯ ಬಗ್ಗೆ ಬರೆದೆ. 'ನೀವು ನೋಡಲೇಬೇಕಾದ' ಅಂತ ತಲೆಬರಹ, ಕೆಳಗೆ ನಕ್ಷೆ. ನನ್ನದೇ ಐಡಿಯಾ. ಜನ ಬಂದರು. ಮೊದಲು ಕ್ಯಾಮೆರಾ ಬಂತು, ಆಮೇಲೆ ಮದುವೆಗೆ ಮುಂಚಿನ ಫೋಟೋದವರು ಬಣ್ಣದ ಹೊಗೆ ಸಮೇತ ಬಂದರು, ಆಮೇಲೆ ಜ್ಯೂಸಿನ ಗಾಡಿ ಬಂತು. ಆರು ತಿಂಗಳಲ್ಲಿ ನೀರಿನ ಮೇಲೆ ಪ್ಲಾಸ್ಟಿಕ್ ಲೋಟ ತೇಲುತ್ತಿದ್ದವು. ಕೊನೆಗೆ ಕಬ್ಬಿಣದ ಗೇಟು ಹಾಕಿ ಬೀಗ ಜಡಿದರು. ಮೊದಲು ದಿನಾ ಸಂಜೆ ಅಲ್ಲಿ ಕೂರುತ್ತಿದ್ದ ನಾಲ್ಕು ಮುದುಕರು ಈಗ ಬಸ್ ಸ್ಟಾಪಿನಲ್ಲಿ ಕೂರುತ್ತಾರೆ. ಅವರಲ್ಲೊಬ್ಬರು ನನಗೆ ಕಾಗದ ಬರೆದಿದ್ದರು. ಅರ್ಧ ಪುಟ, ಚೆಂದದ ಅಕ್ಷರ, ಒಂದೂ ಬೈಗುಳ ಇಲ್ಲ. ಅದನ್ನು ನಾನು ಪ್ರಕಟಿಸಲಿಲ್ಲ. ಜಾಗ ಇಲ್ಲ ಅಂತ ನನಗೆ ನಾನೇ ಹೇಳಿಕೊಂಡೆ.

ನಿಜ ಹೇಳಬೇಕೆಂದರೆ ನಿಮಗೆ ಬೇಕಾಗಿರುವುದು ಪ್ರವಾಸಿ ತಾಣ ಅಲ್ಲ, ಕೂರುವುದಕ್ಕೆ ಜಾಗ. ಈ ಊರಿನಲ್ಲಿ ಅದೇ ಇಲ್ಲವಾಗಿದೆ. ದರ್ಶಿನಿಗಳು ಬಂದವು, ಕುರ್ಚಿ ಹೋಯಿತು. ಇಡ್ಲಿಯನ್ನೂ ನಿಂತೇ ತಿನ್ನುತ್ತೇವೆ, ಕಾಫಿಯನ್ನೂ ನಿಂತೇ ಕುಡಿಯುತ್ತೇವೆ. (ಇಡ್ಲಿ ಚೆನ್ನಾಗಿರುತ್ತದೆ, ಅದು ಬೇರೆ ಮಾತು.) ಕುರ್ಚಿ ಬೇಕಿದ್ದರೆ ಗಾಜಿನ ಬಾಗಿಲಿನ ಅಂಗಡಿಗೆ ಹೋಗಿ ಒಂದು ಲೋಟ ಕಾಫಿಗೆ ಮನೆಯ ವಾರದ ಹಾಲಿನ ದುಡ್ಡು ಕೊಡಬೇಕು. ಮನೆಗಳಿಗೆ ಜಗಲಿ ಇಲ್ಲ, ಇರುವ ಕಡೆ ಯಾರೂ ಕೂರದಂತೆ ಕಬ್ಬಿಣದ ಮುಳ್ಳು. ಪಾರ್ಕಿಗೆ ಹೋದರೆ ಬಿಸಿಲೇರುವ ಹೊತ್ತಿಗೆ ಬೀಗ ಬಿದ್ದಿರುತ್ತಿತ್ತು. 2024ರಲ್ಲಿ ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆಗೆದಿಡಬೇಕು ಅಂತ ಆದೇಶವಾಯಿತು, ಸಂತೋಷ. ಆದರೆ ಅಷ್ಟು ವರ್ಷ ಮಧ್ಯಾಹ್ನದ ಹೊತ್ತು ಪಾರ್ಕಿನಲ್ಲಿ ಸುಮ್ನೆ ಕೂರುವವನು ಕಳ್ಳನೋ ಪೋಲಿಯೋ ಇರಬೇಕು ಅಂತ ತೀರ್ಮಾನ ಮಾಡಿದವರು ಯಾರು? ಮಧ್ಯಾಹ್ನ ತಾನೇ ನೆರಳು ಬೇಕಾಗುವುದು! ಗಾರೆ ಕೆಲಸದವನಿಗೆ, ಕೊರಿಯರ್ ಹುಡುಗನಿಗೆ, ಆಸ್ಪತ್ರೆಗೆ ಬಂದು ರಿಪೋರ್ಟಿಗೆ ಕಾಯುವ ಹಳ್ಳಿಯವರಿಗೆ. ಬೀಗ ಹಾಕಿಸಿದವರ ಲೆಕ್ಕದಲ್ಲಿ ಪಾರ್ಕು ಅಂದರೆ ವಾಕಿಂಗ್ ಮಾಡುವವರದು. ನಡೆಯುತ್ತಲೇ ಇರಬೇಕು, ನಿಲ್ಲಬಾರದು.

ಅದಕ್ಕೇ ಹಳೇ ಚರ್ಚುಗಳ ಮೇಲೆ ನನಗೆ ಇಷ್ಟು ಅಕ್ಕರೆ. ಉದ್ದನೆಯ ಬೆಂಚು ಹಾಕಿಟ್ಟಿರುತ್ತಾರೆ, ಬಾಗಿಲು ತೆರೆದಿದ್ದರೆ ಯಾರು ಬೇಕಾದರೂ ಕೂರಬಹುದು. ದೇವಸ್ಥಾನದ ಪ್ರಾಕಾರದಲ್ಲೂ ಕೂರಬಹುದು, ನಾನು ಬೇಡ ಅನ್ನುವುದಿಲ್ಲ. ಗವಿ ಗಂಗಾಧರೇಶ್ವರದಲ್ಲಿ ಎಷ್ಟೋ ಸಲ ಕೂತಿದ್ದೇನೆ. ಆದರೆ ಅಲ್ಲಿ ಕೂತರೆ ಐದು ನಿಮಿಷಕ್ಕೆ ಯಾರಾದರೂ ಪರಿಚಯದವರು ಸಿಕ್ಕಿ ಮಗಳ ಮದುವೆ ಎಲ್ಲಿಗೆ ಬಂತು ಅಂತ ಕೇಳುತ್ತಾರೆ. ಚರ್ಚಿನಲ್ಲಿ ನನ್ನನ್ನು ಯಾರೂ ಗುರುತು ಹಿಡಿಯುವುದಿಲ್ಲ. ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾ ಇದಕ್ಕೆ ಲೆಕ್ಕವಲ್ಲ. ಸೆಪ್ಟೆಂಬರ್ 8ರ ಹಬ್ಬದ ಹೊತ್ತಿಗೆ ಅಲ್ಲಿ ಉಸಿರಾಡಲೂ ಜಾಗ ಸಿಗುವುದಿಲ್ಲ. ಸೀರೆ ಉಟ್ಟ ಮೇರಿಯಮ್ಮನನ್ನು ನೋಡಲು ಎಲ್ಲ ಧರ್ಮದವರೂ ಬರುತ್ತಾರೆ, ಅದರ ಚೆಂದವೇ ಬೇರೆ.

ನಿಮ್ಮ ಮೊಮ್ಮಗನಿಗೋ ಮಗನಿಗೋ ಪುಸ್ತಕ ಕೊಳ್ಳಲು ಮತ್ತೆ ಅವೆನ್ಯೂ ರಸ್ತೆಗೆ ಹೋಗುತ್ತೀರಿ ತಾನೇ? ಭಾನುವಾರ ಬೇಡ, ಅದು ಸಭೆಯವರ ಆರಾಧನೆಯ ದಿನ. ಬೇರೆ ದಿನ ಹೋಗಿ. ಕಾರು ಮನೆಯಲ್ಲೇ ಇರಲಿ, ಮೈಸೂರು ಬ್ಯಾಂಕ್ ಸರ್ಕಲ್‌ನಲ್ಲಿ ಬಸ್ಸಿಳಿದು ನಡೆಯಿರಿ. ಬಾಗಿಲು ಹಾಕಿದ್ದರೆ ಗೇಟಿನ ಹತ್ತಿರ ಇರುವವರನ್ನು ಕೇಳಿ. ತೆರೆದರೆ ಕೂತು ಬನ್ನಿ. ತೆರೆಯದಿದ್ದರೆ ಇನ್ನೊಂದು ದಿನ ಹೋಗಿ. ಫೋಟೋ ಮಾತ್ರ ನನಗೆ ಕಳಿಸಬೇಡಿ.

ಅಂದಹಾಗೆ, ನಿಮ್ಮ ಚಂದಾ ಮುಂದಿನ ತಿಂಗಳಿಗೆ ಮುಗಿಯುತ್ತದೆ.

– ಸಂ.