ಓದುಗರ ಪ್ರಶ್ನೆ: ಓಡುವ ಗಾಡಿಯಿಂದ ಬಿದ್ದರೆ

ಪ್ರಶ್ನೆ: ನಮ್ಮ ಟ್ರ್ಯಾಕ್ಟರ್ ಗಂಟೆಗೆ 20 ಕಿ.ಮೀ. ದಾಟುವುದಿಲ್ಲ. ಇಬ್ಬರು ಮಡ್‌ಗಾರ್ಡ್ ಮೇಲೆ ಕೂರುತ್ತಾರೆ, ಒಬ್ಬ ಟ್ರೇಲರ್ ಹುಕ್ಕಿನ ಬಳಿ ನಿಲ್ಲುತ್ತಾನೆ. ಇಷ್ಟು ನಿಧಾನದಲ್ಲೂ ಅಪಾಯವಿದೆಯೇ?

ಉತ್ತರ: ಇದೆ. ಹುಕ್ಕಿನ ಬಳಿ ನಿಂತವನಿಗಂತೂ ತುಂಬಾ ಇದೆ. 20 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಐದೂವರೆ ಮೀಟರ್. ಅವನ ಹಿಂದೆ ಮೂರು ಮೀಟರಿನಲ್ಲಿ ಟ್ರೇಲರ್ ಚಕ್ರವಿದ್ದರೆ, ನೆಲಕ್ಕೆ ಬಿದ್ದವನ ಬಳಿ ಅದು ಬರಲು ಒಂದು ಸೆಕೆಂಡೂ ಬೇಡ. ಕಣ್ಣೆದುರು ಬಿದ್ದವನನ್ನು ಕಂಡರೂ ಚಾಲಕನ ಕಾಲು ಬ್ರೇಕಿಗೆ ಹೋಗಲು ಸುಮಾರು ಒಂದು ಸೆಕೆಂಡು ಹಿಡಿಯುತ್ತದೆ. ಇಲ್ಲಿ ಬೀಳುವವನು ಅವನ ಬೆನ್ನ ಹಿಂದೆ. ಎಂಜಿನ್ ಸದ್ದಿನಲ್ಲಿ ಕೂಗೂ ಕೇಳಿಸದು. ಇಂಥ ಸಾವುಗಳಲ್ಲಿ ಬಿದ್ದ ಪೆಟ್ಟಿಗಿಂತ ಚಕ್ರದ ಭಾರವೇ ಕೊಲ್ಲುವುದು ಹೆಚ್ಚು. ಆದ್ದರಿಂದ ನಿಧಾನ ಓಡಿಸಿದರೆ ಸಾಕು ಎಂಬ ಲೆಕ್ಕ ತಪ್ಪು.

ಮಡ್‌ಗಾರ್ಡ್ ಕೂರುವ ಜಾಗವಲ್ಲ. ಒಂದು ಚಕ್ರ ಗುಂಡಿಗೆ ಇಳಿದರೆ ಗಾಡಿ ಪಕ್ಕಕ್ಕೆ ವಾಲುತ್ತದೆ, ಒಂದು ಕೈಯ ಹಿಡಿತ ಆ ಎಳೆತವನ್ನು ತಡೆಯುವುದಿಲ್ಲ. ಕೆಳಗೇ ದೊಡ್ಡ ಹಿಂಚಕ್ರ. ಟ್ರ್ಯಾಕ್ಟರಿನಲ್ಲಿ ಒಂದು ಸೀಟಿದ್ದರೆ ಒಬ್ಬನೇ ಇರಬೇಕು. ಉಳಿದವರು ಸೀಟು, ಬೆಲ್ಟು ಇರುವ ಬೇರೆ ಗಾಡಿಯಲ್ಲಿ ಬರಲಿ, ಹತ್ತಿರವಾದರೆ ನಡೆಯಲಿ. ಗಾಡಿ ಕದಲಿಸುವ ಮುನ್ನ ಚಾಲಕ ಎಲ್ಲರನ್ನೂ ಎಣಿಸಿಕೊಳ್ಳಲಿ. ಒಬ್ಬ ಕಾಣದಿದ್ದರೂ ಗೇರ್ ಹಾಕಬಾರದು. ಹಿಂದಕ್ಕೆ ತೆಗೆಯುವಾಗ ಈ ನಿಯಮ ಇನ್ನೂ ಬಿಗಿಯಾಗಿರಬೇಕು.

ಪ್ರಶ್ನೆ: ಲಾರಿ ಪೂರ್ತಿ ನಿಲ್ಲುವ ಮೊದಲೇ ನಮ್ಮ ಹುಡುಗರು ಜಿಗಿಯುತ್ತಾರೆ. ಇಳಿಯುವ ಸರಿಯಾದ ಕ್ರಮ ಯಾವುದು?

ಉತ್ತರ: ನೆಲ ಮುಟ್ಟಿದ ಪಾದ ನಿಲ್ಲುತ್ತದೆ, ಮೈ ಲಾರಿಯ ವೇಗದಲ್ಲೇ ಮುಂದೆ ಹೋಗುತ್ತದೆ, ಮುಗ್ಗರಿಸುವುದು ಅದಕ್ಕೆ. ಲಾರಿ ನಿಂತು ಹ್ಯಾಂಡ್ ಬ್ರೇಕ್ ಬಿದ್ದ ಮೇಲೆ, ಗಾಡಿಯ ಕಡೆಗೇ ಮುಖ ಮಾಡಿ ಇಳಿಯಬೇಕು. ಎರಡು ಕೈ, ಎರಡು ಕಾಲುಗಳಲ್ಲಿ ಯಾವಾಗಲೂ ಮೂರು ಗಾಡಿಗೆ ತಾಗಿರಬೇಕು. ಹಾಗಾಗಿ ಕೈಯಲ್ಲಿ ಸಾಮಾನು ಹಿಡಿದು ಇಳಿಯುವಂತಿಲ್ಲ. ಬೆರಳಿನ ಉಂಗುರ ಕೆಲಸದ ವೇಳೆ ತೆಗೆದಿಡಿ. ಕೊಕ್ಕೆಗೆ ಸಿಕ್ಕಿ ಮೈಭಾರ ಅದರ ಮೇಲೆ ಬಿದ್ದರೆ ಬೆರಳಿನ ಚರ್ಮವೇ ಸುಲಿದು ಬರುತ್ತದೆ.

ಪ್ರಶ್ನೆ: ಬಿದ್ದು ತಲೆಗೆ ಪೆಟ್ಟಾದವನು ಎದ್ದು ಓಡಾಡಿದ. ಎರಡು ಗಂಟೆ ಬಿಟ್ಟು ನಿದ್ದೆ ಬರುತ್ತಿದೆ ಎಂದ. ಮಲಗಿಸಬಹುದೇ?

ಉತ್ತರ: ಬೇಡ, ತಕ್ಷಣ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ. ತಲೆಬುರುಡೆಯೊಳಗೆ ರಕ್ತ ನಿಧಾನವಾಗಿ ತುಂಬುತ್ತಿದ್ದರೆ ಮೊದಲ ಕೆಲವು ಗಂಟೆ ಮನುಷ್ಯ ಚೆನ್ನಾಗಿಯೇ ಕಾಣುತ್ತಾನೆ. ಮಂಪರು, ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಿರುವ ತಲೆನೋವು, ತೊದಲು ಮಾತು, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು, ಇವುಗಳಲ್ಲಿ ಒಂದು ಕಂಡರೂ ಕಾಯಬಾರದು.

ಬಿದ್ದವನು ಕತ್ತು ನೋವು ಎಂದರೆ ಅಥವಾ ಕಾಲು ಜೋಮು ಹಿಡಿದಿದೆ ಎಂದರೆ ಕೂರಿಸಬೇಡಿ, ಎತ್ತಬೇಡಿ. ಬೆಂಕಿ ಅಥವಾ ಬರುವ ವಾಹನದ ಭಯವಿಲ್ಲದಿದ್ದರೆ ಆಂಬುಲೆನ್ಸ್ ಬರುವವರೆಗೆ ತಲೆಯನ್ನು ಎರಡೂ ಕೈಯಿಂದ ಅಲುಗಾಡದಂತೆ ಹಿಡಿದಿರಿ.