ಒದ್ದೆ ಅಡಿಕೆ ಮರ

ಭೂಮಿಕಾ ಎನ್ನೋಣ. ಇದು ನಿಜವಾದ ಹೆಸರಲ್ಲ; ಗುರುತು ಸಿಗುವ ವಿವರಗಳನ್ನೂ ಬದಲಿಸಿದ್ದೇನೆ. ಮಲೆನಾಡಿನ ಅಡಿಕೆ ಬೆಳೆಗಾರರ ಮಗಳು. ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿದಿತ್ತು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸವೂ ಸಿಕ್ಕಿತ್ತು. ಅವಳಿಗೆ ಬೇಕಿದ್ದದ್ದು ಕೃತಕ ಬುದ್ಧಿಮತ್ತೆ ಮತ್ತು ರೊಬಾಟಿಕ್ಸ್ ಸಂಶೋಧನೆ. ಮೂರು ಲಕ್ಷ ರೂಪಾಯಿಯ ಸರ್ಟಿಫಿಕೇಟ್ ಕೋರ್ಸೊಂದರ ಕರಪತ್ರ ಹಿಡಿದು, ಮುಂದಿನ ಓದಿನ ಬಗ್ಗೆ ಸಲಹೆ ಕೊಡುವ ನನ್ನ ಬಳಿಗೆ ತಂದೆಯ ಜೊತೆ ಬಂದಿದ್ದಳು.

"ಇನ್ನೂ ಎಷ್ಟು ವರ್ಷ ಓದಿಸಬೇಕು, ಮೇಡಂ?" ಎಂದರು ತಂದೆ, ಕುರ್ಚಿಯಲ್ಲಿ ಕೂರುವ ಮೊದಲೇ.

ಈ ಕ್ಷೇತ್ರ ಏಕಿಷ್ಟ ಎಂದು ಕೇಳಿದರೆ ಎಲ್ಲರೂ ವಿಡಿಯೋದಲ್ಲಿ ನೋಡಿದ ರೊಬಾಟ್‌ನ ಕಥೆ ಹೇಳುತ್ತಾರೆ. ಹಾಗಾಗಿ ನಾನು ಕೈಕೊಟ್ಟ ಕೆಲಸದ ಬಗ್ಗೆ ಕೇಳುತ್ತೇನೆ. ಕೊನೆಯ ವರ್ಷ ಅವಳು ಮರ ಹತ್ತುವ ಯಂತ್ರ ಮಾಡಿದ್ದಳು. ಕಾಲೇಜಿನಲ್ಲಿ ಅದು ಪೈಪ್ ಹತ್ತಿತು, ಒಳ್ಳೆಯ ಅಂಕವೂ ಬಂತು. ಊರಿನಲ್ಲಿ, ಮಳೆಗೆ ಪಾಚಿಗಟ್ಟಿದ ಮರದ ಮೇಲೆ ಜಾರಿತು. ಮೇಲೆ ಹೋದಂತೆ ಮರ ಸಪೂರವಾಗಿ ಹಿಡಿತವೂ ತಪ್ಪುತ್ತಿತ್ತು. ಅಂಕ ಬಂದಾದ ಮೇಲೆಯೂ ಹನ್ನೊಂದು ದಿನ ತೋಟದಲ್ಲಿ ಕೂತು, ಎಷ್ಟು ಅಡಿಯಲ್ಲಿ ಎಷ್ಟು ಸಲ ಜಾರಿತೆಂದು ಬರೆದಿಟ್ಟಿದ್ದಳು. ಇದನ್ನು ವಿವರಿಸುವಾಗ ಕರಪತ್ರ ಕೈಜಾರಿ ಬಿದ್ದದ್ದು ಅವಳ ಗಮನಕ್ಕೇ ಬರಲಿಲ್ಲ.

"ಕಡೆಗೆ ದೋಟಿಯಲ್ಲೇ ಅಡಿಕೆ ಗೊನೆ ಕೊಯ್ಯಿಸಿದೆವು," ಎಂದರು ತಂದೆ. ವ್ಯಂಗ್ಯವೋ ಹೆಮ್ಮೆಯೋ ತಿಳಿಯಲಿಲ್ಲ.

ಅವರಿಗಿದ್ದ ಭಯ ಖರ್ಚಿನದು. ಇಂಜಿನಿಯರಿಂಗ್ ಸ್ನಾತಕೋತ್ತರ ಓದಿನ ಅರ್ಹತಾ ಪರೀಕ್ಷೆಯಾದ ಗೇಟ್‌ನ ಅಂಕದ ಮೇಲೆ ಐಐಟಿ, ಐಐಎಸ್‌ಸಿಗಳಲ್ಲಿ ಎಂ.ಟೆಕ್. ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಸಿಗುತ್ತದೆ, ಪಿಎಚ್‌.ಡಿ.ಗೆ ಜೆಆರ್‌ಎಫ್ (ಕಿರಿಯ ಸಂಶೋಧಕರ ಫೆಲೋಶಿಪ್) ದರ 2023ರಿಂದ 37,000 ರೂಪಾಯಿ ಎಂದೆ. "ಓದುವವರಿಗೇ ಕೊಡುತ್ತಾರೆಯೇ?" ಎಂದು ಎರಡು ಬಾರಿ ಕೇಳಿದರು. ಸಾಫ್ಟ್‌ವೇರಿನಲ್ಲಿ ಇರುವ ಗೆಳತಿಯರ ಸಂಬಳದ ಮುಂದೆ ಇದು ಐದಾರು ವರ್ಷ ಸಣ್ಣದಾಗಿಯೇ ಕಾಣುತ್ತದೆ ಎಂಬುದನ್ನೂ ಮುಚ್ಚಿಡಲಿಲ್ಲ.

ಕೋರ್ಸ್ ಬೇಡವೇ ಬೇಡ ಎಂದೆ. ಸಂಶೋಧನೆಗೆ ಸಂದರ್ಶನ ಮಾಡುವವರು ಸರ್ಟಿಫಿಕೇಟ್ ನೋಡುವುದಕ್ಕಿಂತ ಗಣಿತ ಕೆದಕುತ್ತಾರೆ. ಚಲನೆ, ಬಲ, ನಿಯಂತ್ರಣ ಓದಿದ ಮೆಕ್ಯಾನಿಕಲ್‌ನವಳು ರೊಬಾಟಿಕ್ಸ್‌ಗೆ ಹೊರಗಿನವಳಲ್ಲ. ಅವಳಿಗೆ ಕೊರತೆ ಇದ್ದದ್ದು ಲೀನಿಯರ್ ಆಲ್ಜಿಬ್ರಾ, ಸಂಭವನೀಯತೆ ಮತ್ತು ಪ್ರೋಗ್ರಾಮಿಂಗ್‌ನಲ್ಲಿ. ಇವುಗಳ ಪಾಠ ಐಐಟಿಗಳ ಆನ್‌ಲೈನ್ ಪಾಠಗಳ ತಾಣ ಎನ್‌ಪಿಟಿಇಎಲ್‌ನಲ್ಲಿ ಉಚಿತವಾಗಿಯೇ ಇದೆ. ಸದ್ಯ ಕೆಲಸಕ್ಕೆ ಸೇರಿ, ಫೆಬ್ರವರಿಯ ಗೇಟ್‌ಗೆ ಓದಲಿ ಎಂದು ಮೂವರೂ ಒಪ್ಪಿದೆವು.

ಒಂದು ತಪ್ಪು ನನ್ನದೇ. ಪ್ರಾಧ್ಯಾಪಕರಿಗೆ ಪತ್ರ ಬರೆ ಎಂದಷ್ಟೇ ಹೇಳಿ ಕಳುಹಿಸಿದ್ದೆ. ಅವಳು ಒಂದೇ ಪತ್ರವನ್ನು ಇಪ್ಪತ್ತು ಜನರಿಗೆ ಕಳುಹಿಸಿದಳು, ಒಬ್ಬರೂ ಉತ್ತರಿಸಲಿಲ್ಲ. ಎರಡನೆಯ ಭೇಟಿಯಲ್ಲಿ ತಿದ್ದಿದೆ: ಒಬ್ಬರ ಒಂದು ಪ್ರಬಂಧ ಪೂರ್ತಿ ಓದಿ, ಅರ್ಥವಾಗದ ಒಂದು ಜಾಗದ ಬಗ್ಗೆ ಕೇಳು. ಈ ಸಲ ಒಬ್ಬರು ಬರೆದರು. ಸೀಟಿನ ಮಾತಿಲ್ಲ, ಜಾರಿದ ಲೆಕ್ಕದ ಪುಟಗಳನ್ನು ಕಳುಹಿಸುವಂತೆ ಕೇಳಿದ್ದರು.

ಮೊದಲ ಗೇಟ್‌ನಲ್ಲಿ ಅಂಕ ಸಾಲಲಿಲ್ಲ. ಮತ್ತೆ ಬರೆಯುತ್ತಿದ್ದಾಳೆ. ಬೆಂಗಳೂರಿನಲ್ಲಿದ್ದುಕೊಂಡು ಮರ ಅಳೆಯಲಾಗದಲ್ಲ. ಮಳೆ ನಿಂತ ಕೂಡಲೇ ತಂದೆ ಟೇಪ್ ಹಿಡಿದು ಸುತ್ತಳತೆ ತೆಗೆದು ವಾಟ್ಸಾಪ್ ಮಾಡುತ್ತಾರಂತೆ.